ಬರ್ತೀನಿ ಅಂದವರು

ಮನೆಯ ಕಂಪ್ಯೂಟರ್ ಬೆಳಗಿನಿಂದ ಶುರುವಾಗಿರಲಿಲ್ಲ. ಅದು ಶುರುವಾಗದೆ ಒಳಗೆ ಗಾಳಿ ಬರುವುದಿಲ್ಲ. ಕಿಟಕಿ ತೆರೆಯೋಣವೆಂದರೆ ಹೊರಗಿನ ಹಳದಿ ಗಾಳಿ ಉಸಿರಾಡಿದವರು ಉಳಿಯುವುದಿಲ್ಲ. ಪರದೆಯ ಮೇಲೆ ಒಂದೇ ಸಾಲು: ‘ಒಬ್ಬರು ಬರಬೇಕು. ಕಾಯುತ್ತಿದ್ದೇನೆ.’

ಇಂದುಮತಿ ಏದುಸಿರು ಬಿಡುತ್ತಾ ರಿಪೇರಿಯವನಿಗೆ ಫೋನ್ ಮಾಡಿದಳು.

“ಹಳೇ ಸಿಸ್ಟಮ್ ಅಲ್ವಾ ಮೇಡಂ, ಆಡಿದ ಮಾತನ್ನ ಹಾಗೇ ನಂಬುತ್ತೆ. ಬರ್ತೀನಿ ಅಂತ ಹೇಳಿ ಹೋದೋರು ಯಾರಾದ್ರೂ ವಾಪಸ್ ಬಂದಿಲ್ವಾ?”

ಆಸ್ಪತ್ರೆಗೆ ಹೊರಟಾಗ ಅತ್ತೆ ಬಾಗಿಲಲ್ಲಿ ತಿರುಗಿ ‘ಬರ್ತೀನಿ’ ಅಂದಿದ್ದರು. ಅಲ್ಲಿಂದ ಅವರನ್ನು ನೇರ ಮಸಣಕ್ಕೆ ಒಯ್ದಿದ್ದಾಯಿತು. ಇಂದುಮತಿ ಅದನ್ನೇ ಹೇಳಿದಳು.

“ಹಾಗಾದ್ರೆ ಅವರ ಹೆಸರು ಹೇಳಿ, ಹೋದ್ರು ಅನ್ನಿ.”

“ಕಾವೇರಮ್ಮ ಹೋದ್ರು,” ಎಂದಳು ಇಂದುಮತಿ. ಪರದೆ ಬೆಳಗಿತು. ತಲೆಯ ಮೇಲೆ ತಂಪು ಗಾಳಿ ಸುಯ್ಯೆಂದಿತು.

“ಆಯ್ತಾ? ಇನ್ಮೇಲೆ ಹುಷಾರು ಮೇಡಂ. ಮನೆಯವರು ಯಾರೇ ಅದರ ಮುಂದೆ ಹೋಗ್ತೀನಿ ಅಂದ್ರೂ ಹೆಸರು ಅಳಿಸಿ ಆಚೆ ಕಳಿಸಿಬಿಡುತ್ತೆ.”

ಇಂದುಮತಿಗೆ ನಗು ಬಂತು. “ಬಿಡ್ತು ಅನ್ನಿ! ಬಾಳಿ ಬದುಕೋ ಮನೇಲಿ ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ?”

“ಸರಿ ಇಂದುಮತಿ, ಹೋಗಿ,” ಎಂದಿತು ಕಂಪ್ಯೂಟರ್.

ಅವಳ ಬೆನ್ನ ಹಿಂದೆ ಹೊರಬಾಗಿಲ ಚಿಲಕ ತಾನಾಗಿ ಸರಿಯಿತು.