ಕಪ್ಪು ಬೆರೆಸದ ಬೂದು

ಚಪ್ಪಲಿಯನ್ನೂ ಬಿಡದೆ ಡ್ರಾಯಿಂಗ್ ಮೇಡಂ ಬೋರ್ಡು ಬರೆಯುವ ಗೆಳೆಯನ ಅಂಗಡಿಗೆ ನುಗ್ಗಿದಳು. ಚಿತ್ರಪ್ರದರ್ಶನ ನೋಡಿ ನೇರ ಇಲ್ಲಿಗೇ ಬಂದಿದ್ದಳು. ಅವನಿಗೆ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತಿತ್ತು.

"ಎಂಥಾ ಚಿತ್ರಗಳು ಕಣೋ. ಒಂದರ ಮುಂದೆ ಅರ್ಧ ಗಂಟೆ ನಿಂತ್ಬಿಟ್ಟೆ. ವಾಚ್‌ಮನ್ ಬಂದು, ಮೈಗೆ ಹುಷಾರಿಲ್ವಾ ಅಂತ ಕೇಳ್ದ."

"ನಂಗೆ ಕೆಲ್ಸ ಇದೆ," ಎಂದ ಅವನು, ಕತ್ತೆತ್ತದೆ. ದಂತವೈದ್ಯರ ಬೋರ್ಡು ಇವತ್ತೇ ಮುಗಿಯಬೇಕಿತ್ತು. 'ದಂತ' ಆಗಿತ್ತು, 'ವೈದ್ಯ' ಬಾಕಿ.

ಇಬ್ಬರೂ ಒಂದೇ ಕಲಾಶಾಲೆಯಲ್ಲಿ ಕಲಿತವರು. ಇಡೀ ತರಗತಿಯಲ್ಲಿ ಅವನದೇ ಮೇಲುಗೈ. ಆರು ವರ್ಷದ ಹಿಂದೆ ಇಂಥದೇ ಒಂದು ಪ್ರದರ್ಶನದವರು ಅವನ ಚಿತ್ರಗಳನ್ನು ವಾಪಸು ಕಳಿಸಿದ ದಿನ, ಇನ್ನು ಅಕ್ಷರ ಮಾತ್ರ ಎಂದು ಶಪಥ ಮಾಡಿ ಕುಳಿತಿದ್ದ. ಅವಳಿಗೆ ಆ ಸಂಕಟ ಇನ್ನೂ ಆರಿರಲಿಲ್ಲ.

"ಮಳೆ ನಿಂತ ಮೇಲಿನ ಬೀದಿ. ಒಂದು ನರಪಿಳ್ಳೆ ಇಲ್ಲ. ಆದ್ರೆ ಆ ಬೂದು ಬಣ್ಣ ಇದೆಯಲ್ಲ, ಉಸಿರಾಡ್ತಿತ್ತು. ಬಿಳಿಗೆ ಕಪ್ಪನ್ನ ಹದವಾಗಿ ಬೆರೆಸಿ..."

ಕುಂಚ ನಿಂತಿತು. ಅವನು ಗಕ್ಕನೆ ತಿರುಗಿದ. "ಕಪ್ಪಾ?"

ಬಾಯಿ ಜಾರಿದ್ದು ಅವಳಿಗೆ ಆಗಲೇ ತಿಳಿಯಿತು. ಬೂದು ಬಣ್ಣಕ್ಕೆ ಕಪ್ಪು ಸುರಿಯಬೇಡಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುವವಳೇ ಅವಳು. ಆದರೆ ಅವನು ತಿರುಗಿದ ರಭಸ ಕಂಡು ಖುಷಿಯಾಗಿ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಿಂತಳು. "ಕಪ್ಪೇ. ಕಣ್ಣಾರೆ ನೋಡಿದೀನಿ."

"ಕಣ್ಣಿಗೆ ಪೊರೆ ಬಂದಿರ್ಬೇಕು ನಿಂಗೆ. ಕಪ್ಪು ಹಾಕಿದ್ರೆ ಹೆಣದ ಬಣ್ಣ ಬರತ್ತೆ. ನೀಲಿಗೆ ಕಂದು ಬೆರೆಸಿರ್ತಾನೆ, ಪೆದ್ದು."

"ಸಾಧ್ಯವೇ ಇಲ್ಲ."

ಅವನು ಸುತ್ತ ನೋಡಿದ. ಖಾಲಿ ತಗಡು ಒಂದೂ ಕೈಗೆ ಸಿಗಲಿಲ್ಲ. 'ದಂತ'ದ ಪಕ್ಕದಲ್ಲೇ ನೀಲಿ ಬಳಿದು, ಅದರೊಳಗೆ ಕಂದು ಎಳೆದ. ಚೂರು ಬಿಳಿ ಸೇರಿಸಿದ.

"ಹೀಗಿತ್ತಾ?"

"ಇನ್ನೂ ತಣ್ಣಗೆ."

ಮತ್ತಷ್ಟು ನೀಲಿ. "ಬೀದಿ ಮೇಲೆ ಬೆಳಕು ಎಲ್ಲಿಂದ ಬಿದ್ದಿತ್ತು?"

"ಎಡಗಡೆ ಒಂದು ಕಿಟಕಿಯಿಂದ."

ಅವನು ಕಿಟಕಿ ಬರೆದ. ನೋಡನೋಡುತ್ತ 'ದಂತ' ಒದ್ದೆ ಬೀದಿಯಡಿ ಮುಳುಗಿತು. ಮಾತಾಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂದು ಅವಳು ತುಟಿ ಕಚ್ಚಿಕೊಂಡು ನಿಂತಳು.

ಅಷ್ಟರಲ್ಲಿ ದಂತವೈದ್ಯರು ಬಂದು ಬಾಗಿಲಲ್ಲಿ ನಿಂತರು. "ಏನ್ರೀ, ನಮ್ಮ ಬೋರ್ಡು ಆಯ್ತಾ?"

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್," ಎಂದ ಅವನು, ತಿರುಗಿಯೂ ನೋಡದೆ. "ಬೆಳಕಿಗೆ ಅಡ್ಡ ಬರ್ತಿದೀರಿ."