ದಂಡಿನ ಎಂಜಿನ್ ಓಡಿಸುತ್ತಿದ್ದ ಅಣ್ಣ

ಗ್ರೀಸಿನ ವಾಸನೆ ಬಂದರೆ ಈಗಲೂ ಅಣ್ಣನ ಖಾಕಿ ಕೋಟು ನೆನಪಾಗುತ್ತದೆ. ಬೆಂಗಳೂರಿನ ಮಿಲಿಟರಿ ಡಿಪೋದೊಳಗೆ ಅವನು ಸರಕಿನ ವ್ಯಾಗನ್ನುಗಳನ್ನೆಳೆಯುವ ಎಂಜಿನ್ ಓಡಿಸುತ್ತಿದ್ದ. ರೈಲೇ ಇಲ್ಲದ ನಮ್ಮ ಕೂರ್ಗ್ ಸ್ಟೇಟಿನಲ್ಲಿ ಅವ್ವನಿಗೆ ಅದೊಂದು ದೊಡ್ಡ ಪ್ರೈಡ್.

ಅವನು ರಜೆಗೆ ಬರಬೇಕಿದ್ದ ಮಧ್ಯಾಹ್ನ ಟೆಲಿಗ್ರಾಂ ಬಂತು. ಇಂಗ್ಲಿಷ್ ಓದಬಲ್ಲ ಕಾನ್ವೆಂಟ್ ಹುಡುಗಿಯೆಂದು ಅಂಚೆಯವನು ನನ್ನ ಕೈಗೇ ಕೊಟ್ಟ. ವ್ಯಾಗನ್ ಜೋಡಿಸುವ ಶಂಟಿಂಗ್ ಆಕ್ಸಿಡೆಂಟ್‌ನಲ್ಲಿ ಅಣ್ಣ ತೀರಿಕೊಂಡನೆಂದಿತ್ತು.

"ಏನಂತೆ, ಕುಂಞಿ?" ಅಕ್ಕಿತರಿಯ ಕಡಂಬುಟ್ಟು ಉಂಡೆ ಕಟ್ಟುತ್ತಿದ್ದ ಅವ್ವ ಕೇಳಿದಳು.

"ಟ್ರೈನ್ ಲೇಟಂತೆ, ಅವ್ವ."

"ಓಡಿಸೋನಿಗೂ ಲೇಟಾ!" ಅವ್ವ ನಕ್ಕಳು.

ಅಜ್ಜ ನನ್ನ ಮುಖವನ್ನೇ ನೋಡಿದರು. ಕೋವಿ ತೆಗೆದುಕೊಂಡು ಅಂಗಳಕ್ಕಿಳಿದರು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು.

ಮೊದಲ ಸದ್ದಿಗೆ ಅವ್ವ, "ತೋಟಕ್ಕೆ ಹಂದಿ ಬಂತಾ, ಮಾವ?" ಎಂದು ಕೂಗಿದಳು.

ಎರಡನೆಯದಕ್ಕೆ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು.