ನಿಂಬೆವ್ವಾಯಿಯ ಹಸಿರು ದೀಪ

ಮಂಗಳ ಗ್ರಹದ ಮೇಲಿನ ಆ ಊರಿನಲ್ಲಿ ಪ್ರತಿ ಬಾಗಿಲಿಗೂ ಒಂದು ದೀಪ. ಹೊರಗಿನಿಂದ ಕೀಲಿ ಹಾಕಿ ಹೋದರೆ ಆರಿರುತ್ತದೆ. ಒಳಗೆ ಉಸಿರಾಟವಿದ್ದರೆ ಹಸಿರು. ನಿಂತರೆ ಕೆಂಪಾಗಿ ಗಂಟೆ ಬಾರಿಸುತ್ತದೆ, ಆಗ ಎಲ್ಲರೂ ಓಡಿ ಬರಬೇಕು.

ದೀಪಗಳು ಬರುವ ಮೊದಲು ನಿಂಬೆವ್ವಾಯಿಯೇ ದಿನಾ ಬೆಳಿಗ್ಗೆ ಮನೆಮನೆಯ ಬಾಗಿಲು ಬಡಿದು, "ಎದ್ದೀರೇನ್ರೋ?" ಎಂದು ಕೇಳುತ್ತಿದ್ದಳು. ಇಲ್ಲಿಗೆ ಮೊದಲು ಬಂದಿಳಿದವರಲ್ಲಿ ಉಳಿದವಳು ಅವಳೊಬ್ಬಳೇ. ದೀಪ ಬಂದ ಮೇಲೆ ಯಾರೂ ಯಾರ ಬಾಗಿಲನ್ನೂ ಬಡಿಯಲಿಲ್ಲ.

ಊರು ಹುಟ್ಟಿದ ಹಬ್ಬದ ದಿನ ಆಯಿಗೆ ಸನ್ಮಾನವೆಂದು ಪಂಚಾಯಿತಿಯ ಹಿರಿಯ ಗುರುಲಿಂಗಪ್ಪ ಶಾಲು, ಹಾರ ಹಿಡಿದು, ಪಕ್ಕದ ಮನೆಯ ಕಾಶವ್ವನನ್ನು ಕರೆದುಕೊಂಡು ಹೋದ. ದೀಪ ಹಸಿರಾಗಿಯೇ ಇತ್ತು. ಎಷ್ಟು ಕೂಗಿದರೂ ಆಯಿ ಓಗೊಡಲಿಲ್ಲ.

"ಸಿಟ್ಟಿಗೆದ್ದಿರಬೇಕ್ರಿ. ಒಬ್ಬರರ ಮಾತಾಡ್ಸಾಕ ಬಂದೀವೇನ್ರಿ?" ಎಂದಳು ಕಾಶವ್ವ.

ಪಂಚಾಯಿತಿಯ ಕೀಲಿಯಿಂದ ಬಾಗಿಲು ತೆಗೆದರು. ಹಾಸಿಗೆಯ ಮೇಲೆ ಆಯಿ ಒಣಗಿದ ಕಟ್ಟಿಗೆಯಾಗಿದ್ದಳು. ಸತ್ತು ತಿಂಗಳುಗಳೇ ಕಳೆದಿದ್ದವು. ಮೂಲೆಯಲ್ಲಿ ಹರಿದ ಜೋಳದ ಚೀಲ, ತೊಟ್ಟಿಕ್ಕುವ ನಲ್ಲಿ. ಅಲ್ಲೇ ಅವಳು ಸಾಕಿದ ಕೋಳಿ ಕಾಳು ಹೆಕ್ಕುತ್ತಿತ್ತು.

"ದೀಪ ಹಸರ ಇತ್ತಲ್ಲ ತಂಗಿ! ದಿನಾ ನೋಡಿಕೋತನ ಹೋಗತಿದ್ದೆ," ಗುರುಲಿಂಗಪ್ಪ ತೊದಲಿದ.

"ಕೋಳಿ ಉಸರಿಗೆ ಉರದೈತ್ರಿ ಅದು."

ತಂದಿದ್ದ ಶಾಲನ್ನು ಹೆಣಕ್ಕೆ ಹೊದಿಸಿದರು. ಕಾಶವ್ವ ಕೋಳಿಯನ್ನು ಎತ್ತಿಕೊಂಡು ಹೊರಗೆ ಬಂದಳು. ಹಾರ ಕೈಯಲ್ಲೇ ಹಿಡಿದು ಗುರುಲಿಂಗಪ್ಪ ಹಿಂದೆ ಬಂದ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ದೀಪ ಕೆಂಪಾಯಿತು. ಗಂಟೆ ಹೊಡೆಯತೊಡಗಿತು. ಊರಿಗೆ ಊರೇ ಆಯಿಯನ್ನು ಉಳಿಸಲು ಏದುಸಿರು ಬಿಡುತ್ತ ಓಡಿ ಬಂತು.